ಛರ್ರಾ ಬಂದೂಕಿನ ದಮ್ ಹೋಗ್ಯಾದ? ಸ್ಪ್ರಿಂಗ್ ಬಿಚ್ಚೋಕಿಂತ ಮೊದಲು ಬಾಯಿ ರಿಂಗ್ ನೋಡ್ರಿ

ಹೋದ ಬ್ಯಾಸಗ್ಯಾಗ ನಮ್ಮ ತಂಗಿ ಮಗ ಶಹಾಬಾದದಿಂದ ಕಲಬುರಗಿಗಿ ಬಂದಿದ್ದ, ಕೈಯಾಗ ಹಾಸಿಗಿ ಚಾದರದಾಗ ಸುತ್ತಿದ, ಛರ್ರಾ ಅಂದ್ರ ಸಣ್ಣ ಸೀಸದ ಗುಂಡು ಹೊಡಿಯೋ ಏರ್ ಗನ್. "ಮಾಮಾ, ಇದರ ದಮ್ಮೇ ಹೋಗ್ಯಾದ, ಹತ್ತು ಮೀಟರ್‌ಗೇ ಛರ್ರಾ ಕೆಳಗ ಬೀಳ್ತದ" ಅಂದ. ಅಲ್ಲೇ ಒಬ್ಬ ರಿಪೇರಿಯವನ ಹತ್ರ ಒಯ್ದಿದ್ನಂತ, ಅವ ನೋಡಿದ್ದೇ ಸ್ಪ್ರಿಂಗ್ ಹೋಗ್ಯಾದ ಅಂತ ಹೇಳಿ ಗಟ್ಟಿ ಸ್ಪ್ರಿಂಗ್ ಹಾಕಿ ಕೊಟ್ಟಾನ, ರೊಕ್ಕ ತಗೊಂಡಾನ, ಆದ್ರ ಛರ್ರಾ ಮೊದಲಿನಂಗೇ ಕೆಳಗ, ಮ್ಯಾಲ ಬಂದೂಕು ಮಾತ್ರ ಮೊದಲಿಗಿಂತ ಜೋರ್ ಒದಿಯೋಕ ಹತ್ಯಾದ. ನಾ ಅದನ್ನ ತಗೊಂಡು ಹಿಂಬದಿ ಬಾಯಿ ಮ್ಯಾಲ, ಅಂದ್ರ ನಳಿಗಿ ಸಿಲಿಂಡರಿಗಿ ಕೂಡೋ ಸಂದಿನ ಮ್ಯಾಲ, ಒಂದು ತುಂಡು ಟಿಶ್ಯೂ ಪೇಪರ್ ಇಟ್ಟು ಒಂದು ಛರ್ರಾ ಹೊಡದೆ, ಪೇಪರ್ ಹಾರಿ ನನ್ನ ಚಷ್ಮಾಕ್ಕ ಬಂದು ಬಡೀತು. ಸ್ಪ್ರಿಂಗ್ ಹುಟ್ಟಿಸಿದ ಗಾಳಿ ಛರ್ರಾದ ಬೆನ್ನಿಗಿ ಹೋಗೋದು ಬಿಟ್ಟು ಮ್ಯಾಲೇ ಸೋರಿ ಹೋಗ್ತಿತ್ತು. ಹೋಗಿದ್ದು ಬೆರಳಿನ ಉಗುರಿಗಿಂತ ಸಣ್ಣ ಒಂದು ರಬ್ಬರ್ ರಿಂಗ್.

ಈ ಲೇಖನ ಅದೇ ರಿಂಗ್ ಬದಲಿ ಮಾಡೋದರ ಬಗ್ಗೆ. ಮನಿಯಾಗ ಕುಂತು ಒಂದು ತಾಸಿನಾಗ ಆಗೋ ಕೆಲಸ, ಆದ್ರ ಯಾವ ಬಂದೂಕಿಗಿ ಮಾಡ್ಬೇಕು ಯಾವುದಕ್ಕ ಕೈ ಹಚ್ಚಬಾರದು ಅನ್ನೋದು ಮೊದಲೇ ಖರೆ ಖರೆ ತಿಳ್ಕೋಬೇಕು.

ಯಾವ ಬಂದೂಕು, ಯಾವುದು ಅಲ್ಲ

ನಾ ಹೇಳ್ತಿರೋದು ನಳಿಗಿ ಮಡಚಿ ಛರ್ರಾ ತುಂಬೋ ಸ್ಪ್ರಿಂಗ್ ಏರ್ ಗನ್, ಪಾಯಿಂಟ್ 177 ಬೋರ್, ಅಂದ್ರ ನಳಿಗಿ ಒಳಗಿನ ಅಗಲ ನಾಕೂವರೆ ಮಿಲಿಮೀಟರ್. ನಮ್ಮ ಕಡಿ ಮನಿಯೊಳಗ ಇರೋವು ಬಹುತೇಕ ಇಂಥವೇ. ಈ ಬೋರಿನ ಏರ್ ಗನ್ನು 20 ಜೌಲ್ ಒಳಗಿನ ಶಕ್ತಿದು ಇದ್ರ ಲೈಸೆನ್ಸ್ ಬೇಕಾಗಿಲ್ಲ. ಸಿಲಿಂಡರಿನ್ಯಾಗ ಮೊದಲೇ ಒತ್ತಿದ ಗಾಳಿ ತುಂಬಿಸೋ ಪಿಸಿಪಿ ಗನ್ ಇದ್ರ ಇದನ್ನ ಓದಿ ಅದಕ್ಕ ಕೈ ಹಚ್ಚಬ್ಯಾಡ್ರಿ, ಕಾರಿನ ಟೈರಿನ್ಯಾಗ ಎರಡು ಚಿಲ್ಲರ ಬಾರ್ ಗಾಳಿ ಇದ್ರ ಅದರ ಸಿಲಿಂಡರಿನ್ಯಾಗ 200 ಬಾರ್, ಕೆಲವದರಾಗ ಅದಕ್ಕೂ ಜಾಸ್ತಿ ಇರ್ತದ, ಅದು ಬ್ಯಾರೆನೇ ಲೆಕ್ಕ.

ಇನ್ನ ಪಾಯಿಂಟ್ 22 ರೈಫಲ್ ವಿಷಯ. ನಮ್ಮ ಕಡಿ ಭಾಳ ಮಂದಿಗಿ ಬಂದೂಕಿನ ರುಚಿ ಹತ್ತಿದ್ದೇ ಕಾಲೇಜಿನ ಎನ್‌ಸಿಸಿಯೊಳಗ, ಮಲಗಿ ಪಾಯಿಂಟ್ 22 ಹೊಡದಾಗ, ನಂದೂ ಹಂಗೇ. ಅದರ ಕಾರ್ತೂಸಿನ ಮದ್ದಿಗಿ ಬೆಂಕಿ ಹಚ್ಚೋ ಮಸಾಲಿ ಇರೋದು ಬುಡದ ಅಂಚಿನ ಬಳಿಯೊಳಗ, ಫೈರಿಂಗ್ ಪಿನ್ ಹೊಡಿಯೋದು ಆ ಅಂಚಿಗೇ, ಅದಕ್ಕೇ ಅದಕ್ಕ ರಿಮ್‌ಫೈರ್ ಅಂತಾರ. ಅದೇ ಅಂಚನ್ನ ಕೊಂಡಿ ಹಾಕಿ ಹಿಡದು ಖಾಲಿ ಕೇಸ್ ಹೊರಗ ಎಳಿಯೋದು ಎಕ್ಸ್‌ಟ್ರ್ಯಾಕ್ಟರ್ ಅನ್ನೋ ಸಣ್ಣ ಪಾರ್ಟ್. ಅದು ಸವದ್ರ ಕೇಸ್ ಒಳಗೇ ಉಳೀತದ, ಪಿನ್ನಿನ ತುದಿ ಸವದ್ರ ಕಾರ್ತೂಸ್ ಹಾರೋದೇ ಇಲ್ಲ. ನೋಡಾಕ ಇದೂ ಐದು ನಿಮಿಷದ ಕೆಲಸ ಅನ್ನಿಸ್ತದ, ಪರದೇಶದ ವಿಡಿಯೋದಾಗ ಅಡಗಿಮನಿ ಟೇಬಲ್ ಮ್ಯಾಲೇ ಮಾಡಿ ತೋರಿಸ್ತಾರ. ನಮ್ಮಲ್ಲಿ ಹಂಗ ನಡಿಯಂಗಿಲ್ಲ. 1959ರ ಆರ್ಮ್ಸ್ ಆಕ್ಟಿನ 5ನೇ ಸೆಕ್ಷನ್ ಬಂದೂಕು ತಯಾರಿ, ಮಾರಾಟದ ಜೋಡಿ ರಿಪೇರಿಯನ್ನೂ ಸೇರಿಸ್ಯಾದ, ಆ ಕೆಲಸಕ್ಕ ಬ್ಯಾರೆ ಲೈಸೆನ್ಸ್ ಬೇಕು. ಬಂದೂಕು ಇಟ್ಕೊಳ್ಳೋ ಲೈಸೆನ್ಸ್ ಅದ ಅಂದ್ರ ರಿಪೇರಿ ಮಾಡೋ ಲೈಸೆನ್ಸೂ ಅದ ಅಂತ ಅರ್ಥ ಅಲ್ಲ. ಕಾನೂನು ಬಾಜೂಕ ಇಡ್ರಿ, ತಪ್ಪು ಕುಂತ ಪಿನ್ನಿನಿಂದ ಕಾರ್ತೂಸಿನ ಹಿಂದ ಮುಚ್ಚೋ ಬಾಗಿಲು ಪೂರಾ ಮುಚ್ಚೋಕಿಂತ ಮೊದಲೇ ಕಾರ್ತೂಸ್ ಹಾರಿದ್ರ ಒಡಿಯೋದು ಹಿತ್ತಾಳಿ ಕೇಸು, ಎದುರಿಗಿರೋದು ನಿಮ್ಮ ಮಾರಿ. ಹಂಗಾಗಿ ಪಾಯಿಂಟ್ 22 ಇದ್ದವರು ಲೈಸೆನ್ಸ್ ಇರೋ ಡೀಲರ್ ಹತ್ರಾನೇ ಒಯ್ರಿ, ಕೊಟ್ಟಿದ್ದಕ್ಕ ರಸೀದಿ ತಗೋರಿ.

ಗಾಳಿ ಎಲ್ಲಿಂದ ಎಲ್ಲಿಗಿ ಹೋಗ್ತದ

ನಳಿಗಿ ಮಡಚಿದಾಗ ಒಳಗಿನ ಸಲಾಕಿ ಪಿಸ್ಟನ್ನನ್ನ ಹಿಂದಕ್ಕ ದಬ್ಬತದ, ಸ್ಪ್ರಿಂಗ್ ಮುದುಡಿ ಕೊಂಡಿಗಿ ಸಿಗ್ತದ, ಇದಕ್ಕೇ ಬಂದೂಕು ಕಾಕ್ ಆಗೋದು ಅಂತಾರ. ಟ್ರಿಗರ್ ಒತ್ತಿದ್ರ ಕೊಂಡಿ ಬಿಡ್ತದ, ಪಿಸ್ಟನ್ ಸೈಕಲ್ ಪಂಪಿನಂಗ ಮುಂದ ಓಡಿ ಗಾಳಿ ಒತ್ತತದ, ಆ ಗಾಳಿ ಒಂದು ಸಣ್ಣ ತೂತಿನಿಂದ ಹೊರಬಿದ್ದು ನಳಿಗಿಯೊಳಗಿನ ಛರ್ರಾದ ಬೆನ್ನಿಗಿ ಬಡೀತದ. ಸಿಲಿಂಡರ್ ಮತ್ತ ನಳಿಗಿ ಕೂಡೋ ಜಾಗದಾಗ, ನಳಿಗಿಯ ಹಿಂಬದಿ ಬಾಯಿ ಸುತ್ತ ಒಂದು ಗಾಡಿ, ಅಂದ್ರ ದುಂಡನ ಕಾಲುವಿಯಂಥ ತಗ್ಗು, ಕೊರದಿರ್ತದ, ಅದರಾಗ ಕುಂತಿರ್ತದ ನಮ್ಮ ರಿಂಗ್. ಹಳೇ ಗನ್ನಿನ್ಯಾಗ ಇದು ಚರ್ಮದ ವಾಷರ್ ಇರ್ತಿತ್ತು, ಈಗಿನವಕ್ಕ ಬಹುತೇಕ ಓ-ರಿಂಗ್. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಹಳೀದಾದ್ರ ಅಂಚಿನಿಂದ ಆವಿ ಸೋರಿ ಸೀಟಿ ಹೊಡಿಯಂಗಿಲ್ಲ ನೋಡ್ರಿ, ಥೇಟ್ ಅದೇ ಹಕೀಕತ್.

ಸ್ವಲ್ಪ ಸೋರಿದ್ರ ಏನಾಗ್ತದ ಅನ್ನೋರಿಗಿ ಒಂದು ಲೆಕ್ಕ ಹೇಳ್ತೀನಿ. ಅರ್ಧ ಗ್ರಾಂ ತೂಕದ ಛರ್ರಾ ಸೆಕೆಂಡಿಗಿ 180 ಮೀಟರ್ ವೇಗದಾಗ ಹೋದ್ರ ಶಕ್ತಿ 8 ಜೌಲ್ ಆಸುಪಾಸು. ಅದೇ ಛರ್ರಾ 150ಕ್ಕ ಇಳಿದ್ರ 5.6 ಜೌಲ್. ವೇಗ ಆರನೇ ಒಂದು ಭಾಗ ಕಡಿಮಿ ಆಗಿದ್ದಕ್ಕ ಶಕ್ತಿ ಹೆಚ್ಚು ಕಡಿಮಿ ಮೂರನೇ ಒಂದು ಭಾಗ ಹೋಯ್ತು, ಯಾಕಂದ್ರ ವೇಗದ ವರ್ಗಕ್ಕ ತಕ್ಕಂಗ ಶಕ್ತಿ ಏರ್ತದ, ಇಳೀತದ. ಮತ್ತ ಪ್ರತಿ ಸಲ ಒಂದೇ ಸಮ ಸೋರೂದಿಲ್ಲ, ಒಮ್ಮಿ ಜಾಸ್ತಿ ಒಮ್ಮಿ ಕಡಿಮಿ, ಅದಕ್ಕೇ ಛರ್ರಾ ಒಂದು ಮ್ಯಾಲ ಒಂದು ಕೆಳಗ ಬೀಳ್ತಾವ. ಹತ್ತು ಮೀಟರ್ ಏರ್ ರೈಫಲ್ ಪಂದ್ಯದ ಟಾರ್ಗೆಟ್ಟಿನ್ಯಾಗ ಹತ್ತರ ಚುಕ್ಕಿ ಅಂದ್ರ ಬರೇ ಅರ್ಧ ಮಿಲಿಮೀಟರ್. 2008ರಾಗ ಬೀಜಿಂಗಿನ್ಯಾಗ ಅಭಿನವ್ ಬಿಂದ್ರಾ ಬಂಗಾರ ಗೆದ್ದಿದ್ದು ಇದೇ ಪಂದ್ಯದಾಗ. ನಮ್ಮ ಮನಿ ಗನ್ ಆ ಮಟ್ಟದ್ದು ಅಲ್ಲ ಖರೆ, ಆದ್ರ ಕಲಿಯೋ ಹುಡುಗ ತನ್ನ ಉಸಿರು, ತನ್ನ ಬೆರಳು ಸರಿ ಮಾಡ್ಕೋಬೇಕಂದ್ರ ಬಂದೂಕು ಒಂದೇ ಸಮ ಹೊಡೀಬೇಕು, ಇಲ್ಲಾಂದ್ರ ತಪ್ಪು ತಂದೋ ಗನ್ನಿಂದೋ ಅನ್ನೋದೇ ತಿಳಿಯಂಗಿಲ್ಲ.

ನಮ್ಮ ಕಲಬುರಗಿ ಬಿಸಿಲೂ ಇದರಾಗ ಪಾಲುದಾರ. ಏಪ್ರಿಲ್ ಮೇದಾಗ 40 ಡಿಗ್ರಿ ದಾಟ್ತದ, ಪತ್ರಾಸ ಕೆಳಗ, ಅಟ್ಟದ ಮ್ಯಾಲ ಇನ್ನೂ ಜಾಸ್ತಿ, ಅಂಥಲ್ಲಿ ವರ್ಷಗಟ್ಟಲೆ ಇಟ್ಟ ರಬ್ಬರ್ ಬಿರುಸಾಗಿ ಚಪ್ಪಟಿ ಆಗ್ತದ, ಉಗುರಿಲೆ ಒತ್ತಿದ್ರ ವಾಪಸ್ ಉಬ್ಬಂಗಿಲ್ಲ.

ಮೊದಲು ಬ್ಯಾನಿ ಪಕ್ಕಾ ಮಾಡ್ಕೋರಿ

ದಮ್ ಕಡಿಮಿ ಆಗೋಕ ರಿಂಗೇ ಕಾರಣ ಅಂತ ಕಣ್ಣು ಮುಚ್ಚಿ ಹೇಳಾಕ ಆಗಂಗಿಲ್ಲ. ನಳಿಗಿ ಮಡಚೋ ಜಾಗದ ದೊಡ್ಡ ಬೋಲ್ಟ್ ಸಡಿಲ ಆಗಿರಬಹುದು, ಕಟ್ಟಿಗಿ ಬುಡದ ಸ್ಕ್ರೂ ಅಲುಗಾಡ್ತಿರಬಹುದು, ನಳಿಗಿಯೊಳಗ ಸೀಸದ ಕಿಲುಬು ಕೂತಿರಬಹುದು, ಇಲ್ಲಾ ಛರ್ರಾನೇ ಡಬ್ಬಿಯೊಳಗ ಬಡದಾಡಿ ಅದರ ಲಂಗ, ಅಂದ್ರ ಹಿಂದಿನ ಅಗಲ ಅಂಚು, ಸೊಟ್ಟ ಆಗಿರಬಹುದು. ಇವನ್ನೆಲ್ಲ ಹತ್ತು ನಿಮಿಷದಾಗ ನೋಡಿಬಿಡ್ರಿ. ನಳಿಗಿ ಮುಚ್ಚಿದ ಮ್ಯಾಲ ಎಡಕ್ಕ ಬಲಕ್ಕ ಜರಾ ಅಲುಗಾಡಿಸಿ ನೋಡಿದ್ರ ಬೋಲ್ಟ್ ಸುದ್ದಿ ತಿಳೀತದ.

ಆಮ್ಯಾಲ ಟಿಶ್ಯೂ ಪರೀಕ್ಷಾ. ಹಳೇ ಬಟ್ಟಿ, ಪೇಪರ್ ಕಟ್ಟು ಒತ್ತಿ ತುಂಬಿದ ಗಟ್ಟಿ ಪೆಟ್ಟಿಗಿ ಒಂದು ಗ್ವಾಡಿಗಿ ಹಚ್ಚಿ ಇಡ್ರಿ, ಹಿಂದ ಬಾಗಿಲು ಕಿಟಕಿ ಇರಬಾರದು, ಕಣ್ಣಿಗಿ ಚಷ್ಮಾ ಇರಲೇಬೇಕು, ಹುಡುಗರು ನಿಮ್ಮ ಬೆನ್ನ ಹಿಂದ ನಿಂತಿರಬೇಕು. ಛರ್ರಾ ತುಂಬಿ ನಳಿಗಿ ಮುಚ್ಚಿ, ಕೂಡೋ ಸಂದಿನ ಮ್ಯಾಲ ಬೆರಳಗಲದ ಟಿಶ್ಯೂ ತುಂಡು ಅಡ್ಡ ಇಟ್ಟು ಪೆಟ್ಟಿಗಿಗಿ ಹೊಡೀರಿ. ಪೇಪರ್ ಕುಣದ್ರ ಗಾಳಿ ಸೋರ್ತದ. ಬಾಜೂಕನೂ ಸೋರಬಹುದು, ಅದಕ್ಕ ಮೂರು ನಾಕು ಸಲ ಬ್ಯಾರೆ ಬ್ಯಾರೆ ಕಡಿ ಹಚ್ಚಿ ನೋಡ್ರಿ. ಪೇಪರ್ ಅಲುಗಾಡಲೇ ಇಲ್ಲಾಂದ್ರ ನಿಮ್ಮ ರಿಂಗ್ ಬರೋಬರಿ ಅದ, ಬ್ಯಾನಿ ಒಳಗ ಪಿಸ್ಟನ್ ಸೀಲಿಗೋ ಸ್ಪ್ರಿಂಗಿಗೋ ಅದ, ಅಲ್ಲಿಗಿ ನಿಲ್ಲಿಸಿ ಅಂಗಡಿಗಿ ಒಯ್ರಿ. ಸ್ಪ್ರಿಂಗ್ ಮಾತ್ರ ಮನಿಯಾಗ ಬಿಚ್ಚಬ್ಯಾಡ್ರಿ ಅಂತ ಕೈ ಮುಗದು ಹೇಳ್ತೀನಿ, ಬಂದೂಕು ಕಾಕ್ ಮಾಡದೇ ಇದ್ದಾಗೂ ಅದು ಒಳಗ ಮುದುಡಿಕೊಂಡೇ ಇರ್ತದ, ಹಿಂದಿನ ಬುಡದ ಪಿನ್ ಎಳದ ಕೂಡ್ಲೇ ಎದಿಗಿ ಮಾರಿಗಿ ಹಾರ್ತದ, ಅದನ್ನ ಹಿಡದಿಡೋ ಕಂಪ್ರೆಸರ್ ಸಾಧನ ಇಲ್ಲದೇ ಆ ಕೆಲಸ ಇಲ್ಲ.

ಛರ್ರಾ ಇಲ್ಲದೇ ಖಾಲಿ ಹೊಡದು ಪರೀಕ್ಷಾ ಮಾಡಬ್ಯಾಡ್ರಿ. ಮುಂದ ಛರ್ರಾ ಇದ್ರ ಅದು ಗಾಳಿನ್ನ ತಡೀತದ, ಆ ಗಾಳಿಯೇ ಪಿಸ್ಟನ್ನಿಗಿ ಗಾದಿ ಆಗ್ತದ. ಖಾಲಿ ಇದ್ರ ಪಿಸ್ಟನ್ ಸೀದಾ ಹೋಗಿ ಕಬ್ಬಿಣಕ್ಕ ಬಡೀತದ.

ಬದಲಿ ಮಾಡೋಕಿಂತ ಮೊದಲು ಇನ್ನೊಂದು ಕೆಲಸ ಮಾಡಿಟ್ಕೋರಿ, ಆಮ್ಯಾಲ ಹೋಲಿಸಾಕ ಬೇಕಾಗ್ತದ. ಬಟ್ಟಿ ಒಗಿಯೋ ಸಾಬೂನಿನ ಒಂದು ಹೊಸ ಬಿಲ್ಲಿ ತಗೋರಿ, ಅದನ್ನ ಆ ಪೆಟ್ಟಿಗಿ ಮುಂದ ನಿಲ್ಲಿಸಿ ಐದು ಮೀಟರಿಂದ ಮೂರು ಛರ್ರಾ ಹೊಡೀರಿ, ಕಡ್ಡಿಪೆಟ್ಟಿಗಿ ಕಡ್ಡಿ ಒಳಗ ಇಳಿಸಿ ಎಷ್ಟು ಆಳ ಹೋಗ್ಯಾವ ಅಂತ ಗುರ್ತು ಹಾಕ್ರಿ. ವೇಗ ಅಳಿಯೋ ಮಷೀನ್ ನಮ್ಮ ಹತ್ರ ಇಲ್ಲ, ಈ ಸಾಬೂನೇ ನಮ್ಮ ಮಷೀನ್.

ರಿಂಗ್ ತೆಗಿಯೋದು

ನೆಲಕ್ಕ ಬಿಳಿ ಚಾದರ ಹಾಸ್ರಿ. ನಮ್ಮ ಮನಿಗಳ ಶಹಾಬಾದ್ ಫರಸಿ ಮ್ಯಾಲ ಕರೀ ರಿಂಗ್ ಬಿದ್ರ ಕಣ್ಣಿಗಿ ಕಾಣಂಗಿಲ್ಲ, ಉರುಳಿ ಸಂದಿಗಿ ಹೋಗ್ತದ. ಬ್ಯಾಟರಿ, ಬಿದಿರಿನ ಹಲ್ಲುಕಡ್ಡಿ ಎರಡು, ಕಿವಿಗಿ ಹಾಕೋ ಹತ್ತಿಕಡ್ಡಿ, ಸಣ್ಣ ಅಳತಿ ಹಿಡಿಯೋ ವರ್ನಿಯರ್ ಇದ್ರ ಅದು, ಮತ್ತ ಜೋಡಿಗಿ ಒಬ್ಬ ದೊಡ್ಡ ಮನಷ್ಯಾ ಇಷ್ಟು ಸಾಕು. ಹೊಲಿಗಿ ಸೂಜಿ, ಸ್ಕ್ರೂಡ್ರೈವರ್ ದೂರ ಇಡ್ರಿ, ಗಾಡಿಗಿ ಒಂದು ಗೀರು ಬಿದ್ರ ಹೊಸ ರಿಂಗ್ ಹಾಕಿದ್ರೂ ಆ ಗೀರಿನಾಗಿಂದ ಗಾಳಿ ದಾರಿ ಮಾಡ್ಕೊಂತದ.

ಈಗ ಬಂದೂಕು ಖಾಲಿ ಅದ, ಕಾಕ್ ಆಗಿಲ್ಲ ಅನ್ನೋದು ಪಕ್ಕಾ ಆಗ್ಬೇಕು. ನಳಿಗಿ ಮೆಲ್ಲಗ ಮಡಚಿದಾಗ ಒಂದು ಸ್ವಲ್ಪ ಬಂದು ಸ್ಪ್ರಿಂಗಿನ ಭಾರ ಕೈಗಿ ಹತ್ತಿದ್ರ ಕಾಕ್ ಆಗಿಲ್ಲ. ಯಾವ ಭಾರಾನೂ ಹತ್ತದೇ ನಳಿಗಿ ಸಡಿಲಾಗಿ ಕೆಳಗ ಜೋತುಬಿದ್ರ ನಿಲ್ರಿ, ಮೊದಲೇ ಕಾಕ್ ಆಗ್ಯಾದ, ರಿಂಗಿನ ಕೆಲಸಕ್ಕ ಬೆರಳು ಬಾಯಿ ಹತ್ರ ಒಯ್ಯಬ್ಯಾಡ್ರಿ, ಇನ್ನೊಂದು ಕೈಲೆ ನಳಿಗಿ ಗಟ್ಟಿ ಹಿಡದು ಛರ್ರಾ ತುಂಬಿ ಮುಚ್ಚಿ ಪೆಟ್ಟಿಗಿಗಿ ಹೊಡದು ಖಾಲಿ ಮಾಡ್ಕೊಂಡು ಮತ್ತ ಬರ್ರಿ. ಕಾಕ್ ಆಗಿರೋ ಬಂದೂಕಿನ ನಳಿಗಿ ತೆರದಾಗ ಕೊಂಡಿ ಜಾರಿದ್ರ ನಳಿಗಿ ಇಲಿ ಬೋನಿನಂಗ ಮ್ಯಾಲ ಬಡದು ಬೆರಳು ಮುರೀತದ, ಇದು ಹೆದರಿಸಾಕ ಹೇಳೋ ಮಾತಲ್ಲ.

ಸ್ಪ್ರಿಂಗಿನ ಭಾರ ಹತ್ತೋ ತನಕ ಅಷ್ಟೇ ತೆರೀಬೇಕು, ಅದಕ್ಕಿಂತ ಮುಂದ ಹೋಗಬಾರದು. ಜೋಡಿಗಿದ್ದವರಿಗಿ ಬಂದೂಕಿನ ಬುಡ ತೊಡಿ ಮ್ಯಾಲ ಇಟ್ಕೊಂಡು ನಳಿಗಿ ಗಟ್ಟಿ ಹಿಡ್ಕೋರಿ ಅಂತ ಹೇಳ್ರಿ, ನಳಿಗಿಯ ಮುಂದಿನ ತುದಿ ಗ್ವಾಡಿ ಕಡಿ ಇರಲಿ, ಸಂದಿನಾಗ ಒಂದು ಸುತ್ತಿದ ಬಟ್ಟಿ ತುರುಕ್ರಿ. ಆ ಸಂದಿನಾಗ ಬ್ಯಾಟರಿ ಬಿಟ್ರ ರಿಂಗ್ ಕಾಣ್ತದ. ನಿಮ್ಮ ಗನ್ನಿನ್ಯಾಗ ಅಷ್ಟು ಸಂದೇ ಸಿಗಲಿಲ್ಲ ಅಂದ್ರ ಜಬರದಸ್ತಿ ಮಾಡಬ್ಯಾಡ್ರಿ, ಅದು ಅಂಗಡಿ ಕೆಲಸ ಅಂತ ತಿಳ್ಕೋರಿ.

ತೆಗಿಯೋಕಿಂತ ಮೊದಲು ಮೊಬೈಲಿನ್ಯಾಗ ಹತ್ತಿರದಿಂದ ಫೋಟೋ ಹೊಡ್ಕೋರಿ, ಯಾಕಂದ್ರ ಕೆಲವು ಮಾಡೆಲ್ಲಿಗಿ ಇದು ದುಂಡ ರಿಂಗ್ ಅಲ್ಲ, ಒಂದು ಕಡಿ ತುಟಿ ಇರೋ ಸೀಲ್, ಉಲ್ಟಾ ಹಾಕಿದ್ರ ಕೆಲಸ ಮಾಡಂಗಿಲ್ಲ. ಆಮ್ಯಾಲ ಹಲ್ಲುಕಡ್ಡಿ ತುದಿ ರಿಂಗಿನ ಹೊರ ಅಂಚಿನ ಕೆಳಗ ಇಳಿಸಿ ಮೆಲ್ಲಗ ಎಬ್ಬಿಸ್ರಿ, ಇನ್ನೊಂದು ಕಡ್ಡಿ ಎದುರು ಬದಿಗಿ. ಹಳೀದು ಚೂರುಚೂರಾಗಿ ಬಂದ್ರ ಬರಲಿ, ಒಂದು ಚೂರೂ ಉಳೀಬಾರದು, ಎಲ್ಲಾ ಒಂದು ವಾಟಿಯೊಳಗ ಹಾಕಿಡ್ರಿ. ಅದರ ಕೆಳಗ ತೆಳ್ಳನ ಕಾಗದದಂಥ ಪಟ್ಟಿ ಸಿಕ್ರ ಬಿಸಾಡಬ್ಯಾಡ್ರಿ, ರಿಂಗ್ ಎತ್ತರ ಮಾಡಾಕ ಯಾರೋ ಇಟ್ಟಿದ್ದು ಅದು, ವಾಪಸ್ ಬೇಕಾಗಬಹುದು. ಹೊಸ ರಿಂಗ್ ತರೋ ತನಕ ನಳಿಗಿ ಮೆಲ್ಲಗ ಮುಚ್ಚಿ ಇಡ್ರಿ.

ಹೊಸದು ಎಲ್ಲಿ ಸಿಗ್ತದ

ಕಂಪನಿ ಸೀಲ್ ಸಿಕ್ರ ಅದೇ ಛಲೋ. ಸಿಗದಿದ್ರ ಪಂಪ್‌ಸೆಟ್, ಬೇರಿಂಗ್, ಹೈಡ್ರಾಲಿಕ್ ಸಾಮಾನು ಮಾರೋ ಅಂಗಡಿಗಿ ಹೋಗ್ರಿ, ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯೊಳಗೂ ಓ-ರಿಂಗಿನ ಡಬ್ಬಿನೇ ಇರ್ತದ. ಹಳೇ ರಿಂಗ್ ಕಾಗದದಾಗ ಕಟ್ಕೊಂಡು ಒಯ್ರಿ, ಆದ್ರ ಅದು ಚಪ್ಪಟಿ ಆಗಿರ್ತದ ಅನ್ನೋದು ನೆನಪಿರಲಿ, ಅದರ ದಪ್ಪ ಅಳದು ಅದೇ ದಪ್ಪದ್ದು ತಂದ್ರ ಹೊಸದೂ ಗಿಡ್ಡ ಆಗ್ತದ. ಗಾಡಿಯ ಅಗಲ, ಆಳ ಎರಡೂ ವರ್ನಿಯರಿಲೆ ಅಳದು ಬರ್ಕೊಂಡು ಹೋದ್ರ ಪಕ್ಕಾ. ಹೆಚ್ಚು ಕಡಿಮಿ ಹೊಂದೋವು ಮೂರು ಅಳತಿದು ಎರಡೆರಡು ತಗೋರಿ, ಚಿಲ್ಲರ ರೊಕ್ಕದ ಸಾಮಾನು, ಎರಡನೇ ಸಲ ಓಡಾಡೋದು ತಪ್ತದ.

ಕೇಳೋ ಮುಂದ ನೈಟ್ರೈಲ್ ಅಂತ, ಅಂದ್ರ ಎಣ್ಣಿಗಿ ತಡಿಯೋ ರಬ್ಬರ್ ಕೇಳ್ರಿ, 70 ಶೋರ್ ಗಟ್ಟಿತನದ್ದು ಎಲ್ಲಾ ಕಡಿ ಸಿಗ್ತದ, 90ದು ಇನ್ನೂ ಬಿರುಸು. ನಳದ ಟೂಟಿಗಿ ಹಾಕೋ ಸಾದಾ ರಬ್ಬರ್ ವಾಷರ್ ಬ್ಯಾಡ, ಎಣ್ಣಿ ತಾಗಿದ್ರ ಅದು ಉಬ್ಬಿ ಜೋಳದ ಹಿಟ್ಟಿನಂಗ ಮೆತ್ತಗಾಗ್ತದ.

ಕೂಡಿಸೋದು

ನಳಿಗಿ ಮೊದಲಿನಂಗೇ ಹುಷಾರಿಲೆ ತೆರದು ಗಾಡಿನ್ನ ಹತ್ತಿಕಡ್ಡಿಲೆ ಸುತ್ತ ಒರಸ್ರಿ, ನಮ್ಮ ಎರಿ ಹೊಲದ ಧೂಳು ಮೈದಾ ಹಿಟ್ಟಿಗಿಂತ ಸಣ್ಣದು, ಎಲ್ಲಿ ಸಂದು ಅದ ಅಲ್ಲಿ ಹೋಗಿ ಕುಂದರ್ತದ. ಕಡ್ಡಿ ಬೆಳ್ಳಗ ಬರೋ ತನಕ ಒರಸ್ರಿ. ಹೊಸ ರಿಂಗಿಗಿ ಸಿಲಿಕೋನ್ ಗ್ರೀಸ್ ಹಚ್ಚಿದ್ದು ಕಂಡೂ ಕಾಣದಂಗ ಇರಬೇಕು, ಎರಡು ಬೆರಳಿನ ನಡುವ ಉಜ್ಜಿದ್ರ ಸಾಕು. ಒಂದು ಬದಿ ಮೊದಲು ಕೂಡಿಸಿ, ಪೆನ್ಸಿಲಿನ ಚಪ್ಪಟಿ ಬುಡದಿಂದ ಸುತ್ತ ಒತ್ಕೊಂತ ಬರ್ರಿ, ತಿರುಚಬಾರದು, ಎಳೀಬಾರದು.

ಇಲ್ಲೇ ಎಲ್ಲಾ ಇರೋದು, ಎತ್ತರ. ರಿಂಗ್ ಲೋಹದ ಮಟ್ಟಕ್ಕಿಂತ ಒಂದು ಕೂದಲೆಳಿ ಮ್ಯಾಲ ಇರಬೇಕು, ಉಗುರು ಎಳದ್ರ ತಟಗ ತಡೀಬೇಕು. ಮಟ್ಟಕ್ಕ ಸಮ ಇದ್ರ, ಕೆಳಗ ಇದ್ರ ಮತ್ತ ಸೋರ್ತದ, ಆಗ ತೆಳ್ಳನ ಪ್ಲಾಸ್ಟಿಕ್ ಹಾಳಿಯೊಳಗ ಗಾಡಿ ಅಳತಿಗಿ ಒಂದು ಬಳಿ ಕತ್ತರಿಸಿ ಕೆಳಗ ಇಟ್ಟು ಮ್ಯಾಲ ರಿಂಗ್ ಕೂಡಿಸ್ರಿ. ಭಾಳ ಎತ್ತರ ಇದ್ರ ಅದೂ ತೊಂದ್ರಿ, ನಳಿಗಿ ಪೂರಾ ಮುಚ್ಚಂಗಿಲ್ಲ, ಟಕ್ ಅಂತ ಸಪ್ಪಳ ಬರಂಗಿಲ್ಲ, ಜಬರದಸ್ತಿಲೆ ಮುಚ್ಚಿದ್ರೂ ಪ್ರತಿ ಸಲ ನಳಿಗಿ ಬ್ಯಾರೆ ಬ್ಯಾರೆ ಕೋನಕ್ಕ ನಿಂತು ಛರ್ರಾ ಮ್ಯಾಲ ಕೆಳಗ ಆಗ್ತದ. ಹಂಗಿದ್ರ ಇನ್ನೊಂದು ಅಳತಿದು ಹಾಕ್ರಿ, ಬ್ಲೇಡಿಲೆ ಕೆತ್ತಾಕ ಹೋಗಬ್ಯಾಡ್ರಿ. ತಂಗಿ ಮಗನ ಗನ್ನಿಗಿ ನಾವು ಮೂರನೇ ಅಳತಿ ಹಾಕಿದಾಗ ಬರೋಬರಿ ಕುಂತಿತು.

ಆದ ಮ್ಯಾಲ ಛರ್ರಾ ತುಂಬಿ ಹತ್ತು ಸಲ ಪೆಟ್ಟಿಗಿಗಿ ಹೊಡೀರಿ, ರಿಂಗ್ ತನ್ನ ಜಾಗದಾಗ ಒತ್ಕೊಂಡು ಕೂಡ್ತದ, ಮತ್ತ ಟಿಶ್ಯೂ ಇಟ್ಟು ನೋಡ್ರಿ. ಅದೇ ಸಾಬೂನ ಬಿಲ್ಲಿಯ ಇನ್ನೊಂದು ತುದಿಗಿ ಅದೇ ಐದು ಮೀಟರಿಂದ ಮೂರು ಹೊಡದು ಕಡ್ಡಿಲೆ ಅಳೀರಿ. ನಮ್ಮದರಾಗ ಮೊದಲಿನ ಮೂರು ತೂತಿನಾಗ ಕಡ್ಡಿಯ ಅರ್ಧ ಹೋಗಿತ್ತು, ಹೊಸ ಮೂರರಾಗ ಮದ್ದಿನ ತುದಿ ತನಕ ಇಳೀತು, ಹುಡುಗ ಆ ಸಾಬೂನನ್ನ ಅವ್ವನಿಗಿ ತೋರಿಸಾಕ ಶಹಾಬಾದಕ್ಕೇ ಒಯ್ದ. ಈಗ ಛರ್ರಾ ಮೊದಲಿಗಿಂತ ಮ್ಯಾಲ ಬೀಳ್ತದ, ಹಂಗಾಗಿ ಸೈಟ್ ಹೊಸದಾಗಿ ಹೊಂದಿಸಬೇಕು, ಐದೈದು ಹೊಡದು ಗುಂಪಿನ ನಡು ನೋಡಿ ತಿರುಗಿಸ್ರಿ, ಒಂದೊಂದೇ ನೋಡಿ ತಿರುಗಿಸಬ್ಯಾಡ್ರಿ.

ಎಣ್ಣಿ ಹಾಕೋ ಚಟ ಬಿಡ್ರಿ

ದಮ್ ಹೋಯ್ತು ಅಂದ್ರ ನಮ್ಮ ಮಂದಿ ಮೊದಲು ಮಾಡೋದು ಬಾಯಿಯ ತೂತಿನ್ಯಾಗ ಹೊಲಿಗಿ ಮಷೀನ್ ಎಣ್ಣಿ ನಾಕು ಹನಿ ಬಿಡೋದು. ಹಾಕಿದ ಮ್ಯಾಲ ಮೊದಲ ಹೊಡ್ತ ಢಬ್ ಅಂತದ, ಹೊಗಿ ಬರ್ತದ, ನೋಡಪಾ ದಮ್ ಬಂತು ಅಂತ ಖುಷಿ ಆಗ್ತಾರ. ಅದು ದಮ್ ಅಲ್ರಿ. ಡೀಸೆಲ್ ಇಂಜಿನ್ನಿನ್ಯಾಗ ಗಾಳಿ ಒತ್ತಿ ಬಿಸಿ ಆಗಿ ಎಣ್ಣಿಗಿ ಬೆಂಕಿ ಹತ್ತತದಲ್ಲ, ಇಲ್ಲೂ ಅದೇ ನಡೀತದ, ಆ ಸ್ಫೋಟ ಪಿಸ್ಟನ್ನನ್ನ ಹಿಂದಕ್ಕ ಒದ್ದು ಸೀಲ್ ಸುಡ್ತದ, ಸ್ಪ್ರಿಂಗ್ ಮುರೀತದ. ಎಣ್ಣಿ ಮಡಚೋ ಬೋಲ್ಟಿಗಿ ಒಂದು ಹನಿ, ನಳಿಗಿ ಹೊರಮೈಗಿ ಒರಸಾಕ ಸ್ವಲ್ಪ, ಅಷ್ಟೇ.

ಸೀಸದ ಛರ್ರಾ ಮುಟ್ಟಿದ ಕೈ ಸಾಬೂನು ಹಚ್ಚಿ ತೊಳೀದೇ ರೊಟ್ಟಿ ಮುರೀಬಾರದು, ಪೆಟ್ಟಿಗಿಯಿಂದ ತೆಗದ ಹಳೇ ಸೀಸ ಹುಡುಗರ ಕೈಗಿ ಸಿಗಬಾರದು. ಮತ್ತ ಬಂದೂಕು ಸರಿ ಆಯ್ತು ಅಂತ ತೊಗರಿ ಹೊಲಕ್ಕ ಒಯ್ದು ಗಿಳಿ, ಬೆಳವನ ಮ್ಯಾಲ ಹಿಡಿಯೋದು 1972ರ ವನ್ಯಜೀವಿ ಕಾಯ್ದಿ ಪ್ರಕಾರ ಗುನ್ಹೆ, ಲೈಸೆನ್ಸ್ ಬೇಡದ ಗನ್ ಅಂದ ಮಾತ್ರಕ್ಕ ಬಿಟ್ಟು ಕಳಸಂಗಿಲ್ಲ. ಸುರಪುರ ತಾಲೂಕಿನ ಬೋನಾಳ ಕೆರಿಗಿ ಚಳಿಗಾಲದಾಗ ಒಮ್ಮಿ ಹುಡುಗರನ್ನ ಕರ್ಕೊಂಡು ಹೋಗ್ರಿ, ದೂರದಿಂದ ಬಂದ ಹಕ್ಕಿ ನೀರಿನ ಮ್ಯಾಲ ಕುಂತಿದ್ದು ನೋಡಿದ ಹುಡುಗ ಆಮ್ಯಾಲ ಕಾಗದದ ಟಾರ್ಗೆಟ್ಟಿಗೇ ಹೊಡೀತಾನ, ನಮ್ಮ ಹುಡುಗನ ವಿಷಯದಾಗ ಹಂಗೇ ಆಗ್ಯಾದ.

ಉಳಿದ ರಿಂಗ್‌ಗಳನ್ನ ಸಣ್ಣ ಪ್ಲಾಸ್ಟಿಕ್ ಚೀಲಕ್ಕ ಹಾಕಿ, ಯಾವ ಅಳತಿ ಹೊಂದಿತು, ಯಾವ ತಾರೀಖಿಗಿ ಹಾಕಿದ್ರಿ ಅಂತ ಚೀಟಿ ಬರದು ಒಳಗಿಟ್ಟು, ಬಿಸಿಲು ಬೀಳದ ಕಪಾಟಿನ್ಯಾಗ ಇಡ್ರಿ. ಬಂದೂಕನ್ನೂ ಅಟ್ಟದಿಂದ ಇಳಿಸಿ ಅದೇ ಕಪಾಟಿನ್ಯಾಗ ಖಾಲಿ ಮಾಡಿ, ಕಾಕ್ ಬಿಟ್ಟು, ಕೀಲಿ ಹಾಕಿ ಇಡ್ರಿ.